ಸುತ್ತಿಗೆ ನಿಲ್ಲಿಸಿದ ರಾಕೆಟ್

ನನ್ನ ಮೊಬೈಲಿನ ಆಡಿಯೋ ಪುಸ್ತಕದಲ್ಲಿ ಗಗನಯಾತ್ರಿ ಹುಡುಗಿಯ ಆಮ್ಲಜನಕ ಮುಗಿಯುತ್ತ ಬಂದಾಗ, ಹಿಂದೂಪುರದ ನಮ್ಮ ಮಂಡಿಯಲ್ಲಿ ಹುಣಸೆ ಜಜ್ಜಿ ಬೀಜ ಬಿಡಿಸುತ್ತಿದ್ದ ಎಂಟು ಹೆಂಗಸರ ಸುತ್ತಿಗೆಗಳೂ ಒಟ್ಟಿಗೆ ನಿಂತವು.

ನಮ್ಮ ಸಾಹುಕಾರರು ಮುಂದಿನ ಕೋಣೆಯಲ್ಲಿ ಕೂತು ಸುತ್ತಿಗೆಯ ಸದ್ದಿನಿಂದಲೇ ಕೆಲಸ ಅಳೆಯುವವರು. ಸದ್ದಡಗಿದ್ದಕ್ಕೆ ಓಡಿಬಂದರು. ಇನ್ನು ಮಂಡಿಗೆ ಫೋನು ತರುವುದು ಮುಗಿದಂತೆಯೇ ಎಂದುಕೊಂಡು ಅದನ್ನು ಆರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ತಡಿಯಮ್ಮ, ಪಾಪಂ ಆ ಹುಡ್ಗಿ ಉಳ್ಕಂತಾಳಾ ನೋಡಾನ," ಎಂದು ಮೂಟೆಯ ಮೇಲೆ ಕೂತೇಬಿಟ್ಟರು.

ಹುಡುಗಿ ಉಳಿದಳು. ನಾವು ಹುಚ್ಚೆದ್ದು ನಕ್ಕೆವು. ಕಲ್ಯಾಣದುರ್ಗದಿಂದ ಬಂದು ಸೇರಿದ್ದ ಲಕ್ಷ್ಮಕ್ಕ ಸುತ್ತಿಗೆ ಎತ್ತಿಕೊಂಡು ಕುಣಿದಳು.

ಕಣ್ಣೊರೆಸಿಕೊಂಡ ಮೇಲೆ ಸಾಹುಕಾರರು ತೀರ್ಪು ಕೊಟ್ಟರು: "ನೆನ್ನೆ ರಾಕ್ಷಸರ ಯುದ್ಧದ ಕತೆ ಹಾಕಿದ್ರಲ್ಲ, ಸುತ್ತಿಗೆ ಎಂಗ್ ಬೀಳ್ತಿದ್ವು. ಕೆಲ್ಸದೊತ್ನಾಗೆ ಅಂಥವೇ ಹಾಕ್ರಿ. ಈ ರಾಕೆಟ್ ಕತೆ ಊಟದೊತ್ತಿಗೆ ಇಟ್ಕಳಿ ಕಣಮ್ಮ."

ಮಾಯಾಲೋಕದ ಕತೆಗಳಿಗಿಂತ ವಿಜ್ಞಾನದ ಕತೆಗಳೇ ಮೇಲೆಂದು ಜೊತೆಯವರೊಡನೆ ವಾದಿಸುತ್ತಿದ್ದ ನಾನು ಅಂದು ಸೋತೆನೆಂದೇ ತಿಳಿದಿದ್ದೆ. ಆದರೆ ಮಧ್ಯಾಹ್ನ ತಪ್ಪದೆ ಮನೆಗೆ ಹೋಗುತ್ತಿದ್ದ ಸಾಹುಕಾರರು ಈಗ ಊಟದ ಡಬ್ಬಿ ಹಿಡಿದು ನಮ್ಮ ಜೊತೆಗೇ ಕೂರುತ್ತಾರೆ. ರಾಕೆಟ್ ಮೇಲೇಳುವ ಹೊತ್ತಿಗೆ ಅವರ ಕೈಯ ತುತ್ತು ಬಾಯಿಗೆ ಹೋಗುವುದೇ ಇಲ್ಲ.