ಎರಡು ಗೆರೆಯ ಮದುವೆ

ಅಪ್ಪ ಮಗ್ಗದ ಹಾಸನ್ನು ಕತ್ತರಿಸಿದ ಬೆಳಿಗ್ಗೆ ನಾನು ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಇದ್ದೆ. ಹಲವು ದಿನಗಳಿಂದ ಅವರು ನಿದ್ದೆ ಮಾಡಿರಲಿಲ್ಲ. ಊರಿನ ಮಗ್ಗಗಳನ್ನೆಲ್ಲ ತಾವೇ ಕೊಳ್ಳುವುದಾಗಿ ಹೇಳುತ್ತಿದ್ದರು. ಬಿಗಿದು ಕಟ್ಟಿದ್ದ ರೇಷ್ಮೆಯ ಎಳೆಗಳು ಕುಡುಗೋಲಿಗೆ ಸಿಕ್ಕಿ ಚಟಚಟನೆ ಹರಿದವು. ತಡೆಯಲು ಹೋದ ಅಮ್ಮನ ಮುಂಗೈ ಸೀಳಿತು. ಅಮ್ಮನ ತಮ್ಮ, ನನ್ನ ಮಾವ, ಓಡಿಬಂದು ಅಪ್ಪನನ್ನು ಕೆಡವಿ ಕುಡುಗೋಲು ಕಿತ್ತುಕೊಂಡ. ಅಷ್ಟೇ ಸಾಕಿತ್ತು. ಕೈಕಾಲು ಕಟ್ಟಿಹಾಕಿದ ಮೇಲೂ ಅವನು ಅಪ್ಪನ ಪಕ್ಕೆಗೆ ಒದೆಯುತ್ತಲೇ ಇದ್ದ. ಪಕ್ಕೆಲುಬು ಮುರಿದದ್ದು ಆಸ್ಪತ್ರೆಯಲ್ಲಿ ತಿಳಿಯಿತು. ಅಪ್ಪನಿಗೆ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇದೆಯೆಂದು ತಿಳಿದದ್ದೂ ಅಲ್ಲೇ.

"ನಿಮ್ಮಪ್ಪನ ರಕ್ತನೇ ಕೆಟ್ಟಿದೆ ಕಣೇ," ಎಂದ ಮಾವ. "ಆದ್ರೂ ನಾನು ನಿನ್ನ ಕಟ್ಕೊಳ್ತೀನಿ ಅಂತಿದೀನಲ್ಲ, ಪುಣ್ಯ ಅನ್ಕೋ."

ಅವನಿಗೇ ನನ್ನನ್ನು ಕೊಡಬೇಕೆಂಬುದು ಅಜ್ಜಿಯ ಹಟ. ಅಜ್ಜಿ ಅಮ್ಮನ ತಾಯಿ. ಅಪ್ಪನಿಗೆ ಒಡಹುಟ್ಟಿದ ಅಕ್ಕ. ಅಮ್ಮನೂ ಸೋದರಮಾವನನ್ನೇ ಮದುವೆಯಾದವಳು. ನಾನು ಎಂ.ಎಸ್ಸಿ. ಮುಗಿಸಿದ್ದರೂ ಒಲ್ಲೆನೆಂಬ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇರಲಿಲ್ಲ.

ಮಾತ್ರೆಗಳಿಂದ ಅಪ್ಪ ಸುಧಾರಿಸಿದ ಮೇಲೆ ಬೆಂಗಳೂರಿನಿಂದ ವೈದ್ಯೆಯೊಬ್ಬರು ಮನೆಗೆ ಬಂದರು. ಈ ಕಾಯಿಲೆಯ ಆನುವಂಶಿಕ ಕಾರಣಗಳನ್ನು ಹುಡುಕುವ ತಂಡದವರು. ಅಪ್ಪನೇ ಒಪ್ಪಿ ಕರೆಸಿದ್ದರು. ಕಾಯಿಲೆ ಇದ್ದವರ ರಕ್ತವನ್ನು ಅದೇ ಮನೆಯ ಇಲ್ಲದವರ ರಕ್ತದ ಜೊತೆ ಹೋಲಿಸಿ ನೋಡಬೇಕು ಎಂದರು. ಅಪ್ಪನ ರಕ್ತವನ್ನು ಟ್ಯೂಬುಗಳಲ್ಲಿ ತೆಗೆದು ಟ್ರೇಯಲ್ಲಿಟ್ಟು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ ಹಾಳೆಯ ಮೇಲೆ ನಮ್ಮ ವಂಶವನ್ನು ಬರೆದರು. ಅಪ್ಪ ಅಮ್ಮನ ನಡುವೆ ಎರಡು ಗೆರೆ ಎಳೆದರು. ರಕ್ತಸಂಬಂಧದಲ್ಲಿ ಆದ ಮದುವೆಗೆ ಹಾಗೆಯೇ ಗುರುತು. ನನ್ನ ವೃತ್ತದ ಪಕ್ಕದಲ್ಲಿ ಇನ್ನೆರಡು ಗೆರೆಗಳಿಗೆ ಜಾಗವಿತ್ತು.

"ಇವಳಪ್ಪನ ಕಡೆಯಿಂದ ಬಂದಿದ್ದು, ಬರ್ಕೊಳಿ," ಎಂದ ಮಾವ.

"ನಿಮ್ಮ ತಾಯಿ ಅವರ ಅಕ್ಕ ಅಲ್ವಾ? ಅದು ನಿಮ್ಮ ಕಡೆನೂ ಹೌದು," ಎಂದರು ವೈದ್ಯೆ. "ಹಾಗಂತ ನಿಮಗೆ ಬರುತ್ತೆ ಅಂತಲ್ಲ. ಇದು ಒಂದೇ ಜೀನಿನ ಕೆಲಸ ಅಲ್ಲ, ಸಣ್ಣಸಣ್ಣವು ತುಂಬಾ ಸೇರಿರುತ್ತೆ. ನಿಮ್ಮ ರಕ್ತನೂ ಕೊಟ್ರೆ ಒಳ್ಳೇದು."

"ನಂಗೇ ಹುಚ್ಚು ಅಂತೀಯಾ?"

ಮಾವ ಟ್ರೇ ಒದ್ದ. ಉರುಳಿದ ಟ್ಯೂಬುಗಳನ್ನು ಚಪ್ಪಲಿಯಲ್ಲಿ ತುಳಿದ. ಅಪ್ಪನ ರಕ್ತ ನೆಲದ ಮೇಲೆ ಹರಡಿತು. ನಾನು ವೈದ್ಯೆಗೆ ಅಡ್ಡ ನಿಂತೆ. ಅವನು ಜಡೆ ಹಿಡಿದು ನನ್ನ ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದ. ತುಟಿ ಒಡೆದು ಬಾಯಿ ಉಪ್ಪಾಯಿತು.

"ಬಿಡೋ, ಮಗೂನ ಬಿಡೋ," ಎಂದು ಅಪ್ಪ ಕೈಮುಗಿದರು. ಮಾವ ಜಡೆ ಬಿಡದೆ ಆ ಮುಗಿದ ಕೈಗಳ ಮೇಲೇ ಗುದ್ದಿದ.

ಅಜ್ಜಿ ಗೋಡೆ ಹಿಡಿದು ಎದ್ದಳು. ನಮ್ಮಿಬ್ಬರ ನಡುವೆ ಬಂದು ನನ್ನ ಜಡೆಯಿಂದ ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇವಳನ್ನ ನಿಂಗೆ ಕೊಡಲ್ಲ ಕಣ್ಲಾ."

"ಆ ಹುಚ್ಚು ನಂಗೂ ಬರುತ್ತೆ ಅಂತಾನಾ?"

"ಅದ್ಯಾರಿಗೆ ಬಂದೀತೋ ನಂಗೇನು ಗೊತ್ತು? ನೀನು ಹೊಡೀತೀಯ. ಅದಕ್ಕೆ."

ಮಾವ ಕುರ್ಚಿಯನ್ನು ಗೋಡೆಗೆಸೆದು ಹೊರಗೆ ಹೋದ. ಅಜ್ಜಿ ನೆಲದಲ್ಲೇ ಕುಳಿತು ವೈದ್ಯೆಯ ಮುಂದೆ ತೋಳು ಚಾಚಿದಳು.

"ನಂದು ತಗೋಳಮ್ಮ. ಇವನು ನನ್ನ ತಮ್ಮ, ಹೊರಗೆ ಹೋದೋನು ನನ್ನ ಮಗ."

ವೈದ್ಯೆ ಚೀಲದಿಂದ ಹೊಸ ಸೂಜಿ, ಹೊಸ ಟ್ಯೂಬು ತೆಗೆದರು. ಅಜ್ಜಿಯ ನರ ಸಿಗುವುದು ತಡವಾಯಿತು.