ಕಂಬಳಿ ಮೇಲೆ ಕೂತು ಆಡಿದ ಮಾತು

ಹೋದ ಮಳೆಗಾಲದಲ್ಲಿ ಆಲೂರಿನಿಂದ ಬರುವ ಬಸ್ಸಿನಲ್ಲಿ ಕೂತಿದ್ದೆ. ದಾರಿಯಲ್ಲಿ ಕುರಿಗಾರ ಮುದುಕನೊಬ್ಬ ಕೈ ಮಾಡಿ ಹತ್ತಿದ. ಹೊದ್ದಿದ್ದ ಕಂಬಳಿ ತೋಯ್ದು ತೊಪ್ಪೆಯಾಗಿತ್ತು. ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನನ್ನ ಎದುರು ಸೀಟಿನಲ್ಲಿ ಕೂತ. ಒದ್ದೆ ಉಣ್ಣೆಯ ವಾಸನೆ ಬಸ್ಸನ್ನೆಲ್ಲ ತುಂಬಿತು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು, ಕಂಡಕ್ಟರ್ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಟ್ಟ. ನಾನೊಬ್ಬಳು ಮಾತ್ರ ನಾಚಿಕೆಯಿಲ್ಲದೆ ಎದೆ ತುಂಬ ಉಸಿರೆಳೆದುಕೊಂಡೆ. ಕುರಿಯ ಮೈಯ ಕಮಟು, ಅದರೊಳಗೆ ನೇಯುವಾಗ ಹಚ್ಚಿದ ಹುಣಸೆ ಬೀಜದ ಗಂಜಿಯ ಹುಳಿ, ಅದರೊಳಗೆಲ್ಲೋ ಮಣ್ಣು. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಲೋಕಕ್ಕೆ ಅದು ನಾತ, ನಿಮಗೆ ಮಾತ್ರ ಅದು ಮನೆ. ನನ್ನ ಮನೆ ಈಗ ಇಲ್ಲ. ಆಂಧ್ರದ ಗಡಿಯಲ್ಲಿ, ಹಾಲಹರವಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರಿನಲ್ಲಿ, ಆ ಮನೆ ಇದ್ದ ಜಾಗದಲ್ಲಿ ಗೊಬ್ಬರದ ಅಂಗಡಿ ಬಂದಿದೆ. ಪಡಸಾಲೆ ಇದ್ದ ಕಡೆ ಯೂರಿಯಾ ಚೀಲಗಳನ್ನು ಪೇರಿಸಿದ್ದಾರೆ. ಆ ಪಡಸಾಲೆಯಲ್ಲಿ ಒಂದು ಶಾಲೆಯ ಕಮಿಟಿ ಕೂರುತ್ತಿತ್ತು ಎಂದರೆ ಅಂಗಡಿಯ ಹುಡುಗರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಅಜ್ಜ ಊರ ಹನುಮಪ್ಪನ ಗುಡಿಯ ಪೂಜಾರಿ, ಜೊತೆಗೆ ಶಾಲೆಯ ಕಮಿಟಿಗೆ ಅಧ್ಯಕ್ಷ. ಊರು ಅವನನ್ನು ಆಚಾರ್ರು ಅನ್ನುತ್ತಿತ್ತು. ಶಾಲೆ ಎಂದರೆ ಎರಡು ಕೋಣೆ: ಒಂದರಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ. ಮಧ್ಯದ ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಅತ್ತಲಿನವರ ಮಗ್ಗಿಯನ್ನು ಕೇಳಿ ಕೇಳಿ ನಮಗೆ ಎರಡೂ ಭಾಷೆಯ ಮಗ್ಗಿ ಬರುತ್ತಿತ್ತು, ಲೆಕ್ಕ ಮಾತ್ರ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಮಾಡಿನ ಹಂಚು ಜಾರಿದರೆ ಯಾರು ಹತ್ತಬೇಕು, ಶೇಂಗಾ ಕೀಳುವ ಕಾಲಕ್ಕೆ ಶಾಲೆಯನ್ನು ಎಷ್ಟು ಹೊತ್ತಿಗೆ ಬಿಡಬೇಕು, ಸುಣ್ಣ ಬಳಿಯುವ ಪಾಳಿ ಯಾವ ಓಣಿಯದು, ಇವೆಲ್ಲ ಕಮಿಟಿಯಲ್ಲಿ ತೀರ್ಮಾನವಾಗಬೇಕಿತ್ತು. ಕಮಿಟಿಗೆ ಕುರ್ಚಿ ಇರಲಿಲ್ಲ, ಕೋಣೆ ಇರಲಿಲ್ಲ. ಇದ್ದದ್ದು ಒಂದು ಕರಿಯ ಕಂಬಳಿ. ಶಾಲೆಯ ಗೋಡೆ ಎದ್ದ ವರ್ಷ ಕುರುಬರ ಹಿರಿಯ ಕೆಂಚಪ್ಪನ ಅಪ್ಪ ನೇಯ್ದು ಕೊಟ್ಟದ್ದಂತೆ. ಸಭೆಯಿದ್ದ ದಿನ ಅದನ್ನು ಅಟ್ಟದಿಂದ ಇಳಿಸಿ, ಕೊಡವಿ, ಪಡಸಾಲೆಯ ಉದ್ದಕ್ಕೂ ಹಾಸುತ್ತಿದ್ದರು. ಕಂಬಳಿ ಹಾಸಿದರೆ ಶಾಲೆಯ ಮಾತಿದೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು, ಕರೆಯುವ ಕೆಲಸವೇ ಇರಲಿಲ್ಲ.

ಆ ಕಂಬಳಿಯ ಮೇಲೆ ನಾನು ಕಂಡದ್ದನ್ನು ಊರಲ್ಲಿ ಇನ್ನೆಲ್ಲೂ ಕಾಣಲಿಲ್ಲ. ನಮ್ಮದು ಮಡಿಯ ಮನೆ. ಬಾವಿಕಟ್ಟೆಯ ಹತ್ತಿರ ಯಾರ ನೆರಳು ಎಲ್ಲಿ ಬಿತ್ತು ಎಂದು ನೋಡುವ ಮನೆ. ಅಂಥ ಮನೆಯ ಪಡಸಾಲೆಯಲ್ಲಿ ಅಜ್ಜನ ಪಕ್ಕ ಕೆಂಚಪ್ಪ, ಕೆಂಚಪ್ಪನ ಪಕ್ಕ ದರ್ಜಿ ಖಾಜಾಸಾಬ್, ಅವನ ಪಕ್ಕ ನಮಗೆ ಕನ್ನಡ ಕಲಿಸುವ ಸಾರು, ಆಮೇಲೆ ಯಾರು ಬಂದರೆ ಅವರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂರುತ್ತಿದ್ದರು. ಉಣ್ಣೆಗೆ ಮೈಲಿಗೆ ಇಲ್ಲ ಎಂದು ಅಜ್ಜನೇ ಶಾಸ್ತ್ರ ಹೇಳಿ ಆ ದಾರಿ ತೆಗೆದಿದ್ದ. ಕುರುಬರಿಗೋ ಕಂಬಳಿ ಎಂದರೆ ದೇವರ ಗದ್ದುಗೆ. ಅದರ ಮೇಲೆ ಕೂತು ಸುಳ್ಳಾಡುವಂತಿಲ್ಲ. ಅದರ ಮೇಲೆ ಕೂತು ಯಾರಾದರೂ ಒಂದು ಮಾತು ಕೇಳಿದರೆ, ಉತ್ತರ ಕೊಡದೆ ಏಳುವಂತಿಲ್ಲ. ಮಡಿಯವರ ನೇಮವೂ ಕುರಿಯವರ ನೇಮವೂ ಸೇರಿ ನಮ್ಮ ಶಾಲೆಯ ಕಾನೂನಾಗಿತ್ತು. ಕಂಬದ ಮರೆಯಲ್ಲಿ ಕೂತು ನೋಡುತ್ತಿದ್ದ ನನಗೆ, ದೇವರು ಎಂದರೆ ಬಹುಶಃ ಇಂಥದ್ದೇ ಏನೋ ಕರ್ರಗಿನ, ಚುಚ್ಚುವ, ಬೆಚ್ಚಗಿನ ವಸ್ತು ಇರಬೇಕು ಅನಿಸುತ್ತಿತ್ತು.

ನಾನು ಹೇಳಹೊರಟ ಸಂಗತಿ ದೀಪಾವಳಿ ಮುಗಿದ ಮೇಲಿನದು. ಜೋಳದ ಹೊಲಗಳಲ್ಲಿ ತೆನೆ ಕಟ್ಟುವ ಹೊತ್ತಿಗೆ ಕುರುಬರ ಮನೆಗಳು ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಹೊರಡುತ್ತಿದ್ದವು. ಅಲ್ಲಿನ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ಯುಗಾದಿಗೆ ತಿರುಗಿ ಬರುವುದು. ಬಾಗಿಲಿಗೆ ಬೀಗ ಹಾಕಿ ಇಡೀ ಸಂಸಾರವೇ ಹೋಗುತ್ತಿತ್ತು, ಮಕ್ಕಳೂ ಹೋಗುತ್ತಿದ್ದವು. ಕನ್ನಡ ಕೋಣೆಯಲ್ಲಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಅವರಲ್ಲೊಬ್ಬಳು ಕೆಂಚಪ್ಪನ ಮೊಮ್ಮಗಳು ಮಾಳಮ್ಮ, ನನ್ನ ಪಕ್ಕ ಕೂರುವವಳು. ತೊಂಡೆ ಎಲೆಯನ್ನೂ ಇದ್ದಿಲನ್ನೂ ಸೇರಿಸಿ ತಿಕ್ಕಿ ನನ್ನ ಸ್ಲೇಟನ್ನೂ ಕರ್ರಗೆ ಮಾಡಿಕೊಡುತ್ತಿದ್ದಳು. ಪ್ರತಿ ವರ್ಷ ಯುಗಾದಿಗೆ ಬಂದಾಗ ಕಲಿತದ್ದರಲ್ಲಿ ಅರ್ಧ ಮರೆತು ಬರುತ್ತಿದ್ದಳು, ಬಂದು ಮೊದಲಿಂದ ಶುರು ಮಾಡುತ್ತಿದ್ದಳು. ಆ ವರ್ಷ ಹಾಗೆ ಶುರು ಮಾಡಲು ಕೋಣೆಯೇ ಇರುವುದಿಲ್ಲ ಎಂಬ ಸುದ್ದಿ ಬಂತು.

ಸುದ್ದಿ ತಂದವರು ಕನ್ನಡ ಸಾರು. ಕಂಬಳಿಯ ತುದಿಯಲ್ಲಿ ಕೂತು, ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ಆಫೀಸರು ಬರುತ್ತಾರೆ. ಕೋಣೆಯಲ್ಲಿ ಮಕ್ಕಳು ಕಾಣದಿದ್ದರೆ ಕನ್ನಡ ತರಗತಿ ಮುಚ್ಚಿ, ಸಾರನ್ನು ಬೇರೆ ಕಡೆ ಹಾಕಿ, ಉಳಿದವರನ್ನು ತೆಲುಗಿಗೆ ಸೇರಿಸುತ್ತಾರೆ. "ಪಿಲ್ಲಲು ಲೇಕುಂಡಾ ಬಡಿ ಎಂದುಕಯ್ಯಾ ಅಂದ್ರು. ಮಕ್ಕಳೇ ಇಲ್ಲದ ಶಾಲೆ ಯಾಕಪ್ಪಾ ಅಂದ್ರೆ ನಾನೇನು ಹೇಳಲಿ?" ಎಂದರು ಸಾರು. ಆಗ ಖಾಜಾಸಾಬ್ ಎದ್ದು, ಕಂಬಳಿಯಿಂದ ಇಳಿದು, ಬರಿ ನೆಲದ ಮೇಲೆ ನಿಂತುಕೊಂಡ. "ಮಾಫ್ ಮಾಡ್ರಿ, ಈ ಮಾತು ಕಂಬಳಿ ಮ್ಯಾಲ ಕೂತು ಹೇಳಾಂಗಿಲ್ಲ. ಆಫೀಸರ್ ಬಂದ ದಿನ ನಮ್ಮ ಓಣಿ ಹುಡುಗ್ರನ್ನ ತಂದು ಕುಂದರಸ್ತೀನಿ. ಕುರುಬರ ಹುಡುಗ್ರ ಹೆಸರು ಕೂಗಿದ್ರ ಅವ್ರಽ ಹೂಂ ಅಂತಾರ," ಎಂದು ಹೇಳಿ, ಮತ್ತೆ ಬಂದು ತನ್ನ ಜಾಗದಲ್ಲಿ ಮರ್ಯಾದಸ್ಥನಂತೆ ಕೂತ. ಎಲ್ಲರೂ ನಕ್ಕರು. ಅಜ್ಜನೂ ನಕ್ಕ. ಆದರೆ ನೆಲದ ಮೇಲೆ ಆಡಿದ ಮಾತನ್ನು ಕಂಬಳಿಯ ಮೇಲೆ ತೀರ್ಮಾನ ಮಾಡಲು ಬರುವುದಿಲ್ಲ, ಅದು ಅಲ್ಲಿಗೇ ಬಿತ್ತು.

ನಗು ನಿಂತ ಮೇಲೆ ಕೆಂಚಪ್ಪ ಬಾಯಿ ಬಿಟ್ಟ. ಅವನು ಮಾತಾಡುವುದೇ ಅಪರೂಪ. ಮಕ್ಕಳನ್ನು ಬಿಟ್ಟು ಹೋಗುತ್ತೇವೆ, ಮಲಗಲು ನಮ್ಮ ಅಕ್ಕನ ಮನೆ ಇದೆ ಅಂದ. ಆದರೆ ಆ ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ, ಒಲೆಯ ಹತ್ತಿರ ಹೋಗುವ ಹಾಗಿರಲಿಲ್ಲ. "ಆಚಾರ್ರ, ನೀವು ಸಣ್ಣವ್ರಿದ್ದಾಗ ಆದೋನ್ಯಾಗ ವಾರದ ಊಟ ಮಾಡಿ ಓದೀನಿ ಅಂತೀರಿ. ಸೋಮವಾರ ಒಂದು ಮನಿ, ಮಂಗಳವಾರ ಒಂದು ಮನಿ. ನಮ್ಮ ಹುಡುಗ್ರಿಗೂ ಊರು ಹಂಗ ವಾರ ಹಚ್ಚತೈತೇನ್ರಿ?"

ಸಭೆಯಲ್ಲಿ ಗುಸುಗುಸು ಎದ್ದಿತು. ಖಾಜಾಸಾಬ್ ಶುಕ್ರವಾರ ನನ್ನದು ಎಂದ. ಸಾರು ಭಾನುವಾರ ಹಿಡಿದರು. ಒಂದೊಂದಾಗಿ ಮನೆಗಳು ಕೂಡುತ್ತಾ ಬಂದವು. ಕೊನೆಗೆ ಎಲ್ಲರ ಕಣ್ಣು ಅಜ್ಜನ ಮೇಲೆ ನಿಂತಿತು. ವಾರದ ಊಟದ ಕಥೆಯನ್ನು ಅಜ್ಜ ನಮಗೆ ನೂರು ಸಲ ಹೇಳಿದ್ದ. ಯಾರ ಮನೆಯ ಸಾರು ತಿಳಿ, ಯಾವ ತಾಯಿ ಕೇಳದೆ ತುಪ್ಪ ಬಡಿಸುತ್ತಿದ್ದಳು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಈಗ ಗಂಟಲು ಸರಿಮಾಡಿಕೊಂಡು, "ನಮ್ಮ ಮನಿಯಿಂದ ಒಂದು ಚೀಲ ಜೋಳ ಕೊಡ್ತೀನಿ. ಯಾರಾದ್ರೂ ಮಾಡಿ ಹಾಕ್ರಿ," ಅಂದ. ಕೆಂಚಪ್ಪ ತಲೆಯೆತ್ತಲಿಲ್ಲ. "ಜೋಳ ನಮ್ಮ ಮನ್ಯಾಗೂ ಐತ್ರಿ ಆಚಾರ್ರ. ಜೋಳ ಕೇಳಾಕ ಬಂದಿಲ್ಲ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಕಂಬದ ಇನ್ನೊಂದು ಮಗ್ಗುಲಿಗೆ ಮಾಳಮ್ಮ ಕೂತಿದ್ದಳು. ನಾನು ಅವಳ ಮುಖ ನೋಡಲಿಲ್ಲ.

ದನ ಮನೆಗೆ ಬಂದವು. ಅಜ್ಜನ ಸಂಜೆಯ ಅರ್ಘ್ಯದ ಹೊತ್ತು ಮೀರುತ್ತಿತ್ತು. ಉತ್ತರ ಕೊಡದೆ ಏಳುವಂತಿಲ್ಲ, ಉತ್ತರ ಬಾಯಿಗೆ ಬರುತ್ತಿಲ್ಲ. ಆಗ ಒಳಗಿನಿಂದ ಅಜ್ಜಿ ಬಂದಳು. ಕಾರ್ತೀಕದ ದೇವರ ಅಡಿಗೆಗೆಂದು ಧಾಬಳಿ ಉಟ್ಟು ಮಡಿಯಲ್ಲಿದ್ದಳು. ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಸೀರೆ. ಅದನ್ನುಟ್ಟಾಗ ಮೊಮ್ಮಕ್ಕಳಾದ ನಾವೂ ಅವಳನ್ನು ಮುಟ್ಟುವಂತಿರಲಿಲ್ಲ. ಗಂಡಸರೆಲ್ಲ ಗಾಬರಿಯಾಗಿ ಹಿಂದೆ ಸರಿದರು. ಅವಳು ನೇರ ಬಂದವಳೇ ಕಂಬಳಿಯ ಮೇಲೆ ಕೆಂಚಪ್ಪನ ಪಕ್ಕ ಖಾಲಿಯಾದ ಜಾಗದಲ್ಲಿ ಕೂತಳು. ಆ ಕಂಬಳಿಯ ಮೇಲೆ ಅದುವರೆಗೆ ಹೆಂಗಸೊಬ್ಬಳು ಕೂತದ್ದನ್ನು ನಾನು ನೋಡಿರಲಿಲ್ಲ.

"ನಾನೂ ಒಂದು ಮಾತು ಕೇಳೋದದ," ಎಂದಳು, ಅಜ್ಜನನ್ನು ನೋಡದೆ, ನೆಲ ನೋಡುತ್ತಾ. "ಉಣ್ಣಿಗೆ ಮೈಲಿಗಿ ಇಲ್ಲಂತ ನನಗ ಹೇಳಿಕೊಟ್ಟವರು ನೀವು. ಇದನ್ನ ಉಟ್ಟು ದೇವರಿಗೆ ಅಡಿಗಿ ಮಾಡ್ತೀನಿ. ಕುರಿ ಮೇಯಿಸಿದ ಕೈ, ಉಣ್ಣಿ ಕತ್ತರಿಸಿದ ಕೈ, ನೂತ ಕೈ, ಎಲ್ಲಾ ಇವರ ಮನೀದು. ಆ ಕೈ ಮಾಡಿದ್ದು ಮಡಿ ಆದ್ರ, ಆ ಕೈಗೆ ಮೈಲಿಗಿ ಎಲ್ಲಿಂದ ಬಂತು? ಕಂಬಳಿ ಮ್ಯಾಲೆ ಕೂತು ಕೇಳೀನಿ. ಉತ್ತರ ಹೇಳಿ ಏಳ್ರಿ."

ಖಾಜಾಸಾಬ್ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಶಾಸ್ತ್ರದ ಮಾತಿನಲ್ಲಿ ಆದೋನಿಯ ಪಂಡಿತರಿಗೂ ಸೋಲದ ನಮ್ಮ ಅಜ್ಜ, ಹೆಬ್ಬೆರಳಿನಿಂದ ಕಂಬಳಿಯ ಅಂಚನ್ನು ಸವರುತ್ತಾ ಕೂತಿದ್ದ. ಅವನಿಗೆ ಯಾವ ಶ್ಲೋಕವೂ ನೆನಪಾಗಲಿಲ್ಲವೋ, ಅಥವಾ ಕೇಳದೆ ತುಪ್ಪ ಬಡಿಸಿದ ಆ ತಾಯಿ ನೆನಪಾದಳೋ, ದೇವರೇ ಬಲ್ಲ. ಕೊನೆಗೆ, "ಗುರುವಾರ ರಾಯರ ವಾರ. ಗುರುವಾರ ನಮ್ಮ ಮನಿ," ಅಂದ. ಕೆಂಚಪ್ಪ ಬಗ್ಗಿ ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಜ್ಜಿ ಏನೂ ನಡೆದಿಲ್ಲ ಎನ್ನುವಂತೆ ಎದ್ದು, ಅನ್ನ ಸೀದೀತು ಎನ್ನುತ್ತಾ ಒಳಗೆ ಹೋದಳು.

ಒಂದೊಂದು ಮಗುವಿಗೆ ದಿನಕ್ಕೊಂದು ಮನೆ ಗೊತ್ತಾಯಿತು. ನಮ್ಮ ಪಾಲಿಗೆ ಬಂದವಳು ಮಾಳಮ್ಮ. ಮೊದಲ ಗುರುವಾರ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದುಕೊಂಡು ಬಂದು ಹೊಸ್ತಿಲ ಆಚೆಯೇ ನಿಂತಳು. ದಿನವೂ ನನ್ನ ಜಡೆ ಎಳೆಯುವ ಹುಡುಗಿ, ಆವತ್ತು ನನ್ನನ್ನು ಗುರುತೇ ಇಲ್ಲದವಳಂತೆ ನೋಡಿದಳು. ಅಜ್ಜಿ ಅಟ್ಟದ ಕಂಬಳಿ ಇಳಿಸಿ ನಡುಮನೆಯಲ್ಲಿ ಹಾಸಿ, ನಮ್ಮಿಬ್ಬರನ್ನೂ ಅದರ ಮೇಲೆ ಕೂರಿಸಿ ಎಲೆ ಹಾಕಿದಳು. ಉಂಡ ಮೇಲೆ ಅವಳ ಎಲೆ ಅವಳು, ನನ್ನ ಎಲೆ ನಾನು ಎತ್ತಬೇಕು, ಅದರಲ್ಲಿ ಹೆಚ್ಚುಕಮ್ಮಿ ಇಲ್ಲ. ಅಜ್ಜ ಮಾತ್ರ ಕೆಲವು ವಾರ ಗುಡಿಯಿಂದ ಬೇಕೆಂದೇ ತಡವಾಗಿ ಬರುತ್ತಿದ್ದ. ಆಮೇಲೊಂದು ಗುರುವಾರ, ನಾವು ಸಾರನ್ನ ಕಲಸುತ್ತಿದ್ದಾಗ, ಬಂದು ಕಂಬಳಿಯ ಆ ತುದಿಯಲ್ಲಿ ಕೂತು, "ನನಗೂ ಇಲ್ಲೇ ಹಾಕು," ಎಂದ. ಮಾಳಮ್ಮನ ತುತ್ತು ಬಾಯಿಯಲ್ಲೇ ನಿಂತಿತು. "ಉಣ್ಣವಾ," ಅಂದ ಅಜ್ಜ, ಎಲೆಯ ಸುತ್ತ ನೀರು ಬಿಡುತ್ತಾ. "ವಾರಕ್ಕ ಉಣ್ಣೋರು ನಾಚಿಕಿ ಮಾಡಿದ್ರ ಹೊಟ್ಟಿ ತುಂಬಂಗಿಲ್ಲ. ನನಗ ಗೊತ್ತದ." ಅಜ್ಜಿ ಬಡಿಸುವ ಸೌಟನ್ನು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಅಳುತ್ತಿದ್ದಳು, ಬೇರೇನೂ ಅಲ್ಲ.

ಸಂಕ್ರಾಂತಿ ಕಳೆದು ಆಫೀಸರು ಬಂದರು. ಕನ್ನಡ ಕೋಣೆ ತುಂಬಿತ್ತು, ಒಂದು ಹೆಸರಿಗೂ ಸುಳ್ಳು ಹೂಂಗುಡುವ ಪ್ರಸಂಗ ಬರಲಿಲ್ಲ. ಮಾಳಮ್ಮ ಎದ್ದು ನಿಂತು ಪಾಠವನ್ನು ಓಣಿಗೆ ಕೇಳುವ ಹಾಗೆ ಓದಿದಳು. ಕೋಣೆ ಉಳಿಯಿತು. ಯುಗಾದಿಗೆ ಕೆಂಚಪ್ಪ ತಿರುಗಿ ಬಂದಾಗ ಅವಳು ಮೊದಲಿಂದ ಶುರು ಮಾಡಬೇಕಾಗಿರಲಿಲ್ಲ. ನಾವು ಊರ ಶಾಲೆ ಮುಗಿಸುವವರೆಗೆ ಪ್ರತಿ ವರ್ಷವೂ ಹಾಗೆಯೇ ನಡೆಯಿತು. ಆಮೇಲೆ ಅವಳನ್ನು ಬಳ್ಳಾರಿ ಕಡೆಯ ಊರಿಗೆ ಮದುವೆ ಮಾಡಿ ಕೊಟ್ಟರು, ನಾನು ಆದೋನಿಗೆ ಓದಲು ಹೋದೆ. ಕೆಂಚಪ್ಪ, ಖಾಜಾಸಾಬ್ ತೀರಿಹೋದರು. ಕಮಿಟಿಗೆ ಕುರ್ಚಿ ಬಂದವು. ಕುರ್ಚಿಯ ಮೇಲೆ ಕೂತು ಏನು ಬೇಕಾದರೂ ಹೇಳಬಹುದು, ಉತ್ತರ ಕೊಡದೆ ಎದ್ದೂ ಹೋಗಬಹುದು. ಕಂಬಳಿಯನ್ನು ಕೇಳುವವರು ಯಾರೂ ಇರಲಿಲ್ಲವಾಗಿ ಅದು ನಮ್ಮ ಮನೆಯಲ್ಲೇ ಉಳಿಯಿತು.

ಕೊನೆಯ ವರ್ಷ ಅಜ್ಜನಿಗೆ ಎಲ್ಲ ಮರೆತುಹೋಯಿತು. ಸಂಧ್ಯಾವಂದನೆಯ ಮಂತ್ರ ಮರೆತ, ನನ್ನ ಹೆಸರು ಮರೆತ. ರಜೆಗೆ ಹೋದಾಗ ನೋಡಿದೆ: ಆ ಕಂಬಳಿಯ ಮೇಲೇ ಗೋಡೆಗೊರಗಿ ಕೂತಿರುತ್ತಿದ್ದ. ಅಜ್ಜಿ ಪಕ್ಕದಲ್ಲಿ ಕೂತು ತುತ್ತು ಮಾಡಿ ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದ. ಅವನಿಗೆ ದಿನವೂ ಗುರುವಾರವೇ. "ಆ ಹುಡುಗಿ ಉಂಡ್ಳೇನು?" ಎಂದು ಕೇಳುತ್ತಿದ್ದ. "ಆಕಿ ಉಣ್ಣದ ನಾನು ಹ್ಯಾಂಗ ಉಣ್ಣಲಿ?" ಮಾಳಮ್ಮ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಜ್ಜಿ ತುತ್ತನ್ನು ತಟ್ಟೆಯಲ್ಲಿಟ್ಟು, ಮೊಣಕಾಲು ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು, ಕಂಬಳಿಯಿಂದ ಸರಿದು ಬರಿ ನೆಲದ ಮೇಲೆ ಕೂರುತ್ತಿದ್ದಳು. ಅಲ್ಲಿಂದ, "ಬಂದಾಳ, ಒಳಗ ಉಣಲಿಕ್ಕೆ ಹತ್ಯಾಳ," ಅನ್ನುತ್ತಿದ್ದಳು. ಆಮೇಲೆ ಮತ್ತೆ ತೆವಳಿಕೊಂಡು ಕಂಬಳಿಗೆ ಬಂದು ತುತ್ತು ಎತ್ತುತ್ತಿದ್ದಳು. ಆಗ ಅಜ್ಜ ಬಾಯಿ ತೆರೆಯುತ್ತಿದ್ದ.