ತಾಯಿಮರ ಗೊತ್ತಿಲ್ಲದ ಸಸಿ

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೊಂದು ತೆಂಗಿನ ಸಸಿ ಇಡುತ್ತಾರೆ. ಎಲ್ಲಿಂದಲೋ ತಂದ ಸಸಿ ಆಗುವುದಿಲ್ಲ. ಬಾವಿ ಪಕ್ಕದ ಹಳೇ ಮರದ ಕಾಯನ್ನೇ ಮೊಳಕೆಗೆ ಹಾಕಿ, ಮನೆಯ ಹಿರಿಯರೇ ಗುಂಡಿಗೆ ಇಳಿಸಬೇಕು. ಆ ಸಾಲಿನಲ್ಲಿ ನನ್ನ ಗಂಡನ ಮರವಿದೆ, ಭಾವನವರ ಮರವಿದೆ, ಅವರ ಮಕ್ಕಳ ಮರಗಳಿವೆ. ನನ್ನ ಮಗಳದು ಮಾತ್ರ ಇರಲಿಲ್ಲ.

ಅವಳನ್ನು ನಾವು ದತ್ತು ತಂದದ್ದು ಮೂರು ವರ್ಷದವಳಿದ್ದಾಗ. ಸಸಿಯ ಮಾತೆತ್ತಿದರೆ ಭಾವ, "ಬೆಳೀಲಿ ಬುಡವ್ವ, ಯಾವ ಗುಣ ಬತ್ತದೋ ನೋಡಾನ" ಅಂದರು. ಗಂಡನ ಅಣ್ಣ, ಮನೆಗೆ ಹಿರಿಯರು. ಕೆಟ್ಟವರಲ್ಲ. ಕಿಬ್ಬನಹಳ್ಳಿಗೆ ಹೋದರೆ ಅವಳಿಗೆ ಬಿಸ್ಕತ್ತು ತರದೆ ಬರುತ್ತಿರಲಿಲ್ಲ. ಆದರೆ ಅವಳು ಹಟ ಹಿಡಿದು ತಟ್ಟೆ ಎಸೆದಾಗಲೆಲ್ಲ, "ರಕ್ತ ಕಣವ್ವ, ಏನ್ ಮಾಡಕಾಯ್ತದೆ" ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮಗ ಟಿವಿ ರಿಮೋಟ್ ಒಡೆದರೆ ಹುಡುಗಾಟ, ನನ್ನ ಮಗಳು ತಟ್ಟೆ ಎಸೆದರೆ ರಕ್ತ! ಅವಳು ಅದನ್ನು ಯಾರಿಂದ ಕಲಿತಳು ಅಂತ ನನ್ನ ಗಂಡನನ್ನು ಕೇಳಬೇಕಿತ್ತು. ಸಿಟ್ಟು ಬಂದಾಗ ನನ್ನ ಕೈಗೆ ಸಿಕ್ಕಿದ ಪಾತ್ರೆಯೂ ಅಂಗಳದಲ್ಲೇ ಬೀಳುವುದು.

ಅವಳಿಗೆ ಆರು ತುಂಬಿದ ವರ್ಷ ಅಟ್ಟದಿಂದ ಒಣಗಿದ ಕಾಯಿ ಇಳಿಸಿ ಸುಲಿಸುತ್ತಿದ್ದೆವು. ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ ಲೆಕ್ಕ. ಸದ್ದಿಲ್ಲದ ಕಾಯಿ ಮತ್ತೆ ಅಟ್ಟಕ್ಕೆ. ಭಾವ ಕಾಯನ್ನು ಕಿವಿಗೆ ಹಿಡಿದು, ಎಡಗಣ್ಣು ಮುಚ್ಚಿ, ಕೆಳತುಟಿ ಮುಂದೆ ಮಾಡಿ ತೀರ್ಪು ಕೊಡುವರು. ಅವತ್ತು ನನ್ನ ಮಗಳೂ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದಳು. ಎಡಗಣ್ಣು ಮುಚ್ಚಿತು, ತುಟಿ ಮುಂದೆ ಬಂತು. "ಇನ್ನೂ ಅಂಟ್ಕಂಡೈತೆ, ಅಟ್ಟಕ್ಕಾಕ್ಲಾ" ಅಂದಳು, ಥೇಟ್ ಅವರ ದನಿಯಲ್ಲಿ.

ಕಾಯಿ ಸುಲಿಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಭಾವನ ಕಣ್ಣಲ್ಲಿ ನೀರು ಬಂತು. "ನನ್ನಂಗೇ ಮಾಡ್ತಾಳೆ ಕಣ್ಲಾ! ಈಗ ನಮ್ಮನೆ ಮಗಳಾದ್ಲು. ನಾಳೆ ಸಸಿ ಇಡಾನ" ಅಂದರು ನನ್ನ ಗಂಡನಿಗೆ.

ನನ್ನ ಗಂಡನ ಮುಖ ಅರಳಿತು. ನಾನೂ ಖುಷಿಪಡಬೇಕಿತ್ತು. ಪಡಲಿಲ್ಲ. "ಇಲ್ಲೀಗಂಟ ಯಾರ ಮನೆ ಮಗಳಾಗಿದ್ಲು ಭಾವ?" ಅಂದೆ. ಭಾವ ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದರು.

ಅವಳು ಬಂದ ವಾರವೇ, ನಮ್ಮನ್ನು ಏನಂತ ಕರೆಯಬೇಕೆಂದೂ ತಿಳಿಯದಿದ್ದಾಗ, ಹಾಲು ಕರೆಯಲು ಕರುವನ್ನು ಎಳೆದು ಕಟ್ಟಿದ್ದು ನೋಡಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ನಾವೋ, ಕರು ಕೂಗುತ್ತಿದ್ದರೂ ಆರಾಮಾಗಿ ಕಾಫಿ ಕುಡಿಯುವ ಜನ. ಆ ಕರುಳನ್ನು ಅವಳಿಗೆ ನಾವು ಕಲಿಸಲಿಲ್ಲ. ಹೆತ್ತವಳಿಂದ ಬಂದಿದ್ದರೆ ಆ ತಾಯಿಗೆ ದೊಡ್ಡ ನಮಸ್ಕಾರ. ಸಿಟ್ಟು ನನ್ನಿಂದ ಬಂತೋ, ಅವಳೇ ತಂದಳೋ, ಅದೂ ನನಗೆ ಬೇಕಾಗಿಲ್ಲ. ಭಾವನ ಹಾಗೆ ಎಡಗಣ್ಣು ಮುಚ್ಚಿ ತೋರಿಸಿದ ಮೇಲಷ್ಟೇ ಮಗಳು ಅನ್ನುವುದಾದರೆ, ಆ ಸಸಿ ನಮಗೆ ಬೇಡ.

ಬೆಳಗ್ಗೆ ಅವಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ನೊಣವಿನಕೆರೆ ರಸ್ತೆಯ ನರ್ಸರಿಗೆ ಹೋದೆ. ಇರುವುದರಲ್ಲೇ ಸೊಟ್ಟಗಿದ್ದ ಸಸಿಯನ್ನು ಅವಳು ಆರಿಸಿದಳು. ತಂದು, ಮನೆ ಮಕ್ಕಳ ಸಾಲಿನಲ್ಲೇ ಗುಂಡಿ ತೋಡಿ, ಇಬ್ಬರೂ ಸೇರಿ ಇಟ್ಟೆವು. ಮಣ್ಣು ತುಳಿಯುವಾಗ ಭಾವ ಬಂದರು. ಅವರ ಕೈಯಲ್ಲಿ ಬಾವಿ ಪಕ್ಕದ ಮರದ ಸಸಿಯಿತ್ತು.

"ಇದ್ರ ತಾಯಿಮರ ಯಾವ್ದವ್ವ?"

"ಗೊತ್ತಿಲ್ಲ."

"ಗೊತ್ತಿಲ್ದೇ ಸಾಲಲ್ಲಿ ಇಟ್ಬುಟ್ಯಾ? ಎಂಥ ಕಾಯಿ ಬುಡ್ತದೋ ಏನೋ."

"ಎಂಥದು ಬಿಟ್ರೂ ನಮ್ದೇ ಭಾವ," ಅಂದೆ. "ಬಿಡದೇ ಇದ್ರೂ ನಮ್ದೇ."